ಉಪ್ಪಿಲ್ಲದ ತುತ್ತು

"ನಾನು ಇಷ್ಟ ಇಲ್ಲ ಅಂತ ನಿನ್ ಬಾಯಲ್ಲೇ ಹೇಳ್ಬುಡು ಲೋಹಿತಾ... ಹಿಂಗೇ ವಾಪಸ್ ಹೊಂಟೋಯ್ತೀನಿ!"

ಅವಳ ಜೊತೆ ನಿಶ್ಚಿತಾರ್ಥವಾಗಿದ್ದ ಗೌರೀಶ್ ಅಂಗಳದಲ್ಲಿ ನಿಂತಿದ್ದ. ಲೋಹಿತಾ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು.

ಇಷ್ಟ ಇಲ್ಲವೇ?! ಬಿಟ್ಟು ಹೋದವನು ಅವನಲ್ಲವೇ? ಕಾಯಿಲೆ ಗೊತ್ತಾದ ಮೇಲೆ ಅವನ ಊರು ಕೊರಟಗೆರೆಯಿಂದ ಒಂದು ಮಾತೂ ಇಲ್ಲ...

ನಿಶ್ಚಿತಾರ್ಥವಾದ ಹೊಸತರಲ್ಲಿ ಅವಳಿಗೆ ತಲೆಸುತ್ತು ಬರುತ್ತಿತ್ತು. ಅಪ್ಪ ಬಸವಲಿಂಗಯ್ಯ ಮಧುಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದರು. ಮದುವೆಯಾಗುವ ಹುಡುಗಿ. ಆಸ್ಪತ್ರೆಯಲ್ಲಿ ಹೆಸರು ಕೂಗಿದರೆ ಬೀಗರ ಕಿವಿಗೆ ಬಿದ್ದೀತು!

"ಹೆಸ್ರು ಬ್ಯಾಡಮ್ಮ, ಊರು ಕೂಗಿ ಸಾಕು," ಎಂದು ನರ್ಸಿಗೆ ಹೇಳಿದ್ದರು.

ರಿಸಲ್ಟ್ ಬಂದ ದಿನ "ಹೊಳವನಹಳ್ಳಿಯೋರು ಯಾರ್ರೀ?" ಎಂದು ಕೂಗಿದಾಗ ಎದ್ದು ಒಳಗೆ ಹೋದವರು ಅವರೇ. ಡಾಕ್ಟರು ತಲೆ ಎತ್ತಲಿಲ್ಲ. ಯಾರ ಕಡೆಯವರು ಎಂದೂ ಕೇಳಲಿಲ್ಲ.

"ಎರಡೂ ಕಿಡ್ನಿ ವೀಕು. ಉಪ್ಪು ಬಿಡ್ಸಿ. ಮುಂದೆ ಡಯಾಲಿಸಿಸ್ ಬೇಕಾಗ್ಬೋದು."

ಅಪ್ಪ ಅವಳಿಗೆ ಹೇಳಲಿಲ್ಲ. ಅಮ್ಮ ಸರ್ವಮಂಗಳಾ ಒಲೆಯ ಮುಂದೆ ಬಾಯಿಗೆ ಸೆರಗು ತುರುಕಿಕೊಂಡು ಅಳುವಾಗ ಅವಳಿಗೇ ತಿಳಿಯಿತು.

ಅಂದಿನಿಂದ ಮನೆಯೇ ಬೋನು. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಮಜ್ಜಿಗೆ. ಹೊಸಿಲು ದಾಟಿದರೆ "ಬಿಸ್ಲು ಕಣಮ್ಮ!" ಕೊಡ ಎತ್ತಿದರೆ "ಬುಡು, ನಾನಿಲ್ವಾ?" ಫೋನು ಅಪ್ಪನ ಜೇಬಿನಲ್ಲಿ. ಎಲ್ಲರೂ ಪ್ರೀತಿಯಿಂದಲೇ ಬಾಗಿಲು ಹಾಕಿದ್ದರು... ಯಾರನ್ನು ಬೈಯುವುದು?

"ಹುಡ್ಗಿ ಒಪ್ತಿಲ್ಲ ಅಂದ್ರು ನಿಮ್ಮಪ್ಪ," ಗೌರೀಶನ ಧ್ವನಿ ಒಡೆಯಿತು.

ಲೋಹಿತಾ ಜಗಲಿಗೆ ಓಡಿ ಬಂದಳು. "ಅಪ್ಪಾ?!"

ಬಸವಲಿಂಗಯ್ಯ ತಲೆ ತಗ್ಗಿಸಿದರು. "ಕಾಯ್ಲೆ ಅಂತ ಊರೆಲ್ಲಾ ಆಡ್ಕೊಳೋದ್ಕಿಂತ... ಒಪ್ಲಿಲ್ಲ ಅಂದ್ರೆ ಮರ್ಯಾದೆ ಉಳೀತದೆ ಅನ್ಕಂಡೆ ಕಣಮ್ಮ."

"ಕಾಯ್ಲೆನಾ? ಏನ್ ಕಾಯ್ಲೆ?"

"ಕಿಡ್ನಿ! ಎರಡೂ! ಮಧುಗಿರಿ ಡಾಕ್ಟ್ರೇ ಹೇಳವ್ರೆ. ಗೊತ್ತಾಯ್ತಲ್ಲ, ಈಗ ಹೊರಡು!" ಎಂದಳು ಲೋಹಿತಾ. ಹೋಗಬೇಡ ಎನ್ನುತ್ತಿತ್ತು ಮನಸ್ಸು.

ಅವನು ಹೋಗಲಿಲ್ಲ. ಹುಬ್ಬು ಗಂಟಿಕ್ಕಿದ.

"ನಿಮ್ಮೂರ ಕದರಮ್ಮನ್ನ ಹೋದ್ವಾರ ನನ್ನ ಗೂಡ್ಸ್ ಗಾಡೀಲೇ ತುಮಕೂರಿಗೆ ಸೇರ್ಸಿದ್ದು. ಮೈಯೆಲ್ಲಾ ಊತ. ಅಲ್ಲಿ ಕಿಡ್ನಿ ಕೆಟ್ಟೋಯ್ತು ಅಂದ್ರು. ಆಯಮ್ಮ ಒಂದೇ ಸಮ ಜಗಳ. 'ಮಧುಗಿರೀಲಿ ಏನೂ ಇಲ್ಲ, ಬರೀ ರಕ್ತ ಕಮ್ಮಿ ಅಂದವ್ರೆ! ಹೊಳವನಹಳ್ಳಿ ಅಂತ ಕೂಗುದ್ರು, ನಾನೇ ಒಳಕ್ಕೋಗಿದ್ದೆ' ಅಂತಾಳೆ. ನೀವು ಹೋದ ದಿನ ಆಯಮ್ಮನೂ ಅಲ್ಲಿದ್ಲಾ, ಮಾವ?"

ಬಸವಲಿಂಗಯ್ಯನವರಿಗೆ ಆ ದಿನ ನೆನಪಾಯಿತು. ಪಕ್ಕದ ಬೆಂಚಿನಲ್ಲಿ ಕದರಮ್ಮ ತೂಕಡಿಸುತ್ತಿದ್ದಳು... ಆ ಕೂಗು ಅವಳಿಗಿದ್ದಿರಬೇಕು, ತಾವೇ ನಕ್ಕು ಅವಳನ್ನು ದಾಟಿ ಒಳಗೆ ಹೋಗಿದ್ದರು!

"ಇನ್ನೂ ಮಾವ ಅಂತೀಯಲ್ಲಪ್ಪ..." ಅವರು ಮುಖ ಮುಚ್ಚಿಕೊಂಡರು.

"ಆಯಮ್ಮನೇ ಅಂದ್ಲು, ನೀನು ದಿನಾ ಕಿಟಕೀಲಿ ಕೂತು ರೋಡ್ ನೋಡ್ತೀಯ ಅಂತ," ಗೌರೀಶ್ ಅವಳತ್ತ ತಿರುಗಿದ. "ಒಪ್ಪದೆ ಇರೋಳು ರೋಡ್ ಯಾಕೆ ನೋಡ್ತಾಳೆ? ಅದ್ಕೇ ಬಂದೆ. ನಡಿ, ಇನ್ನೊಂದ್ಸಲ ಟೆಸ್ಟ್ ಮಾಡ್ಸಣ."

"ಬೇಡ... ಮತ್ತೆ ಅದೇ ಅಂದ್ರೆ?"

"ಅದೇ ಅಂದ್ರೆ ಡಯಾಲಿಸಿಸ್‌ಗೂ ನಾನೇ ಗಾಡಿ ಓಡಿಸ್ತೀನಿ. ನಿನ್ ಬಾಡಿಗೆ ಬೇರೆ ಯಾರ್ಗಾದ್ರೂ ಬುಟ್ಕೊಡ್ತೀನಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಎಷ್ಟು ಕಾಲವಾಗಿತ್ತು ನಕ್ಕು!

ತುಮಕೂರಿನ ಆಸ್ಪತ್ರೆಯಲ್ಲಿ ಅಪ್ಪ ಬಾಯಿ ತೆರೆಯುವ ಮೊದಲೇ ಲೋಹಿತಾ ನರ್ಸಿನ ಮುಂದೆ ನಿಂತಳು. "ಊರು ಕೂಗ್ಬೇಡಿ ಸಿಸ್ಟರ್. ನನ್ ಹೆಸ್ರು ಕೂಗಿ. ಏನಿದ್ರೂ ನಂಗೇ ಹೇಳಿ."

ಕೂಗಿದರು. ಹೇಳಿದರು. ಕಿಡ್ನಿ ಚೆನ್ನಾಗಿದೆ. ರಕ್ತ ಕಮ್ಮಿ, ಅಷ್ಟೇ.

ಅಷ್ಟೇ! ಅವಳು ರಿಪೋರ್ಟನ್ನು ಎರಡು ಸಲ ಓದಿದಳು. ಆದರೆ ಹಿಗ್ಗುವ ಮೊದಲೇ ನೆನಪಾಯಿತು... ಮೇಲಿನ ಮಹಡಿಯಲ್ಲಿ ಕದರಮ್ಮ ಇದ್ದಳಲ್ಲ!

ಡಯಾಲಿಸಿಸ್ ಮಂಚದ ಮೇಲೆ ಕದರಮ್ಮ ಒಣಗಿದ ಎಲೆಯಂತೆ ಮಲಗಿದ್ದಳು. ಎಲ್ಲ ಕೇಳಿ, ಲೋಹಿತಾಳ ಕೆನ್ನೆ ಸವರಿದಳು.

"ಅಯ್ಯೋ ನನ್ ಕೂಸೇ... ನಿನ್ ಪಾಲಿನ ಉಪ್ಪೆಲ್ಲಾ ನಾನು ತಿಂದ್ಬುಟ್ಟೆ ಕಣವ್ವ!"

ಲೋಹಿತಾ ಅವಳ ಕೈ ಹಿಡಿದು ಬಿಕ್ಕಿದಳು. ಬಸವಲಿಂಗಯ್ಯ ಮಂಚದ ಕಾಲಬಳಿ ಕೈಮುಗಿದು ನಿಂತರು. "ನಂದೂ ತಪ್ಪು ಅದೆ ಕದರಮ್ಮ. ನಾಳೆ ಆ ನರ್ಸಿಂಗ್ ಹೋಮ್ ಮೇಲೆ ಕಂಪ್ಲೇಂಟ್ ಕೊಡ್ತೀನಿ. ಮಗಳ ಹೆಸ್ರು ಹೇಳ್ಕಂಡೇ ಕೊಡ್ತೀನಿ."

ಆಸ್ಪತ್ರೆಯ ಗೇಟಿನ ಬಳಿ ಸೌತೆಕಾಯಿ ಗಾಡಿ ನಿಂತಿತ್ತು.

"ಉಪ್ಪು ಖಾರ ಹಾಕ್ಲಾ ಅಕ್ಕ?"

"ಹಾಕಣ್ಣ... ಇನ್ನೊಂಚೂರು!"

ಮೊದಲ ತುಂಡಿಗೇ ಅವಳ ಕಣ್ಣು ಮುಚ್ಚಿದವು. ಗೌರೀಶ್ ಅವಳನ್ನೇ ನೋಡುತ್ತಿದ್ದ.

"ಈಗ್ಲಾದ್ರೂ ಹೇಳು. ನಾನು ಇಷ್ಟ ಇಲ್ವಾ?"

"ಮೊದ್ಲು ಕೂಗು."

"ಏನಂತ?"

"ನನ್ ಹೆಸ್ರು. ಎಲ್ಲರ್ಗೂ ಕೇಳಂಗೆ."

ಅವನು ಸುತ್ತ ನೋಡಿದ. ಜನವೋ ಜನ! ಕಿವಿ ಕೆಂಪಾದವು. ಆದರೂ ಎದೆ ತುಂಬ ಉಸಿರೆಳೆದುಕೊಂಡ.

"ಲೋಹಿತಾ...!"

ಅವಳು ಅವನ ಹತ್ತಿರ ಸರಿದು, ಉಪ್ಪು ಮೆತ್ತಿದ ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು.

"ಬಂದೆ," ಎಂದಳು.