ಮೂರನೆಯ ಗೆಳೆಯನ ಕೋಟು

"ಬಂದ್ಯೇನೋ?"

ಕ್ಯಾಪ್ಟನ್ ಬಾಗಿಲಲ್ಲೇ ನಿಂತು ಕೇಳಿದ. ತೀರಿಹೋದ ತನ್ನ ಅಣ್ಣನ ನಾಟಕದ ಕೋಟು ತೊಟ್ಟು ಕನ್ನಡಿಯ ಮುಂದೆ ಅಳತೆ ನೋಡುತ್ತಿದ್ದ ದರ್ಜಿ ಹುಡುಗಿ ತಿರುಗಿದಳು. ಅವನ ಮುಖ ಬಾಡಿತು.

"ಓ, ನೀನಾ."

"ನಾನೇ. ಬೇಜಾರಾಯ್ತಾ?"

ಕ್ಯಾಪ್ಟನ್ ತಿರುಗಿ ಹೊರಟುಹೋದ. ಅಷ್ಟು ಆಸೆಯಿಂದ ಅವನೊಮ್ಮೆ ತನ್ನನ್ನು ನೋಡಲಿ ಎಂದು ಎಷ್ಟು ಕಾದಿದ್ದಳು. ನೋಡಿದ, ಆದರೆ ಅಣ್ಣನೆಂದುಕೊಂಡು.

ತಂಡ ಆಡುತ್ತಿದ್ದದ್ದು ಹಳೆಯ ಕಾದಂಬರಿಯೊಂದರ ನಾಟಕ. ಸೋತು ಸುಣ್ಣವಾದ ದಳಪತಿ ಕೊನೆಗೆ ಕೇಳುತ್ತಾನೆ: "ನನ್ನ ಜೊತೆ ಯಾರಿದ್ದೀರಿ?" ಮೂವರು ಗೆಳೆಯರು ಒಬ್ಬೊಬ್ಬರಾಗಿ "ನಾನಿದ್ದೇನೆ" ಎನ್ನಬೇಕು. ದಳಪತಿಯ ಪಾತ್ರ ಮಾಡಿಯೇ ಅವನು ಎಲ್ಲರಿಗೂ ಕ್ಯಾಪ್ಟನ್ ಆದದ್ದು. ಮೂರನೆಯ ಗೆಳೆಯನ ಪಾತ್ರ ಅವಳ ಅಣ್ಣನದು.

ಅಣ್ಣ ಹೋದ ಮೇಲೆ ಉಳಿದಿಬ್ಬರು ಆ ಜಾಗವನ್ನು ಖಾಲಿ ಬಿಟ್ಟೇ ನಿಲ್ಲುತ್ತಿದ್ದರು. ಕ್ಯಾಪ್ಟನ್ ಆ ಪ್ರಶ್ನೆಗೆ ಬಂದರೆ ಸಾಕು, ಮೂರನೆಯ ದನಿಗೆ ಕಿವಿಗೊಟ್ಟು ನಿಂತುಬಿಡುತ್ತಿದ್ದ. ಮುಂದಿನ ಮಾತೇ ಹೊರಡದೆ ಪರದೆ ಎಳೆಯಬೇಕಾಗುತ್ತಿತ್ತು. ಇವತ್ತೂ ಹಾಗಾದರೆ ತಂಡವನ್ನೂ ಊರನ್ನೂ ಬಿಡುತ್ತೇನೆ ಎಂದಿದ್ದ. ಹೇಳಿದ್ದನ್ನು ಮಾಡಿಯೇ ತೀರುವ ಆಸಾಮಿ ಅವನು.

"ಪಾಪ ಪಾಪ ಅಂತ ನೀವೇ ಕ್ಯಾಪ್ಟನ್ ಅವರನ್ನ ಆ ಖಾಲಿ ಜಾಗಕ್ಕೆ ಕಟ್ಟಿಹಾಕಿದ್ದೀರಿ," ಎಂದು ಅವಳು ಆ ಇಬ್ಬರು ಗೆಳೆಯರನ್ನು ತರಾಟೆಗೆ ತೆಗೆದುಕೊಂಡಳು.

"ಏನ್ ಮಾಡೋದಮ್ಮ? ನಿಮ್ಮಣ್ಣನ ಜಾಗದಲ್ಲಿ ನಿಲ್ಲೋಕೆ ಕಾಲೇ ಏಳಲ್ಲ."

ಸಂಜೆ ನಾಟಕ ಆ ಮಾತಿಗೆ ಬಂತು.

"ನನ್ನ ಜೊತೆ ಯಾರಿದ್ದೀರಿ?"

ಇಬ್ಬರು ಹೇಳಿದರು. ಕ್ಯಾಪ್ಟನ್ ಖಾಲಿ ಜಾಗವನ್ನೇ ನೋಡುತ್ತ ನಿಂತ. ಯಾರೋ ಕೆಮ್ಮಿದರು.

ರಂಗದ ಪಕ್ಕದಿಂದ ಅವಳು ನಡೆದು ಬಂದಳು. ಕೋಟಿನಲ್ಲಿ ಇನ್ನೂ ಅಣ್ಣನ ವಾಸನೆಯಿತ್ತು. ಅವನೇ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಂತೆನಿಸಿತು. ಆ ಜಾಗದಲ್ಲಿ ನಿಂತಳು.

"ನಾನಿದ್ದೀನಿ," ಎಂದಳು. ಆಮೇಲೆ, ಕ್ಯಾಪ್ಟನ್‌ಗಷ್ಟೇ ಕೇಳುವ ಹಾಗೆ, "ಅಣ್ಣ ಅಲ್ಲ. ನಾನು."

ಅವನು ಅವಳನ್ನು ನೋಡಿದ. ಈ ಸಲ ಮುಖ ಬಾಡಲಿಲ್ಲ.

"ಹಾಗಾದರೆ ಹೊರಡೋಣ," ಎಂದ. ಅದೇ ಮುಂದಿನ ಮಾತು.

ಪರದೆ ಬಿದ್ದ ಮೇಲೆ ಅವನು ಅವಳ ಕೈ ಹಿಡಿದು ಕೋಟಿನ ತೋಳು ಮಡಚತೊಡಗಿದ. "ದರ್ಜಿ ಅಂತೆ. ತೋಳು ಮೊಣಕಾಲಿಗೆ ಬರ್ತಿದೆ."

"ಕತ್ತರಿ ಹಾಕೋಕೆ ಮನಸ್ಸಾಗ್ಲಿಲ್ಲ."

"ಹಾಕಬೇಡ. ಅವನಿಗೂ ಒಂದಿಷ್ಟು ಜಾಗ ಇರಲಿ." ಮಡಚಿ ಮುಗಿದರೂ ಕೈ ಬಿಡಲಿಲ್ಲ. "ನಾಳೆನೂ ಬರ್ತೀಯಾ?"

"ಅಣ್ಣನ ಪಾತ್ರಕ್ಕಾ?"

"ಅದಕ್ಕಲ್ಲ," ಎಂದ ಕ್ಯಾಪ್ಟನ್.