ಚಿನ್ನಸ್ವಾಮಿಯ ಹೆಬ್ಬೆಟ್ಟು

"ನನ್ನ ಹೆಬ್ಬೆಟ್ಟನ್ನ ಯಾರೋ ಕದ್ದವ್ರೆ ಕಣವ್ವಾ" ಎಂದು ಚಿನ್ನಸ್ವಾಮಿ ಊರುಗೋಲನ್ನು ಗೋಡೆಗೆ ಒರಗಿಸಿದಾಗ ನನಗೆ ನಗು ಬಂತು. ಸರಸ್ವತಕ್ಕ ನನ್ನತ್ತ ಕಣ್ಣು ಬಿಟ್ಟರು. ತೆಪ್ಪಗಾದೆ.

ಅಕ್ಕ ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಕೊಳ್ಳೇಗಾಲದ ಅವರ ಜಗಲಿಗೆ ಇಂಥವರು ಬರುವುದು ನಿಂತಿಲ್ಲ. ಪಕ್ಕದ ಮನೆಯ ನೇಕಾರನಾದ ನಾನು ಮಗ್ಗ ಬಿಟ್ಟು ಅವರನ್ನು ಸ್ಕೂಟರಿನಲ್ಲಿ ಸುತ್ತಿಸಬೇಕು. ಬೇಡವೆನ್ನುವ ಧೈರ್ಯ ನನಗೂ ಇಲ್ಲ, ನನ್ನ ಹೆಂಡತಿಗೂ ಇಲ್ಲ.

ಚಿನ್ನಸ್ವಾಮಿ ಅಜ್ಜೀಪುರದವನು, ಮೇಸ್ತ್ರಿ ದೊಡ್ಡಸಿದ್ದಯ್ಯನ ಕೈಕೆಳಗೆ ಕಬ್ಬು ತುಂಬುವ ಕೂಲಿ. ಕೆಲಸದ ಹೊತ್ತಿನಲ್ಲಿ ಬೇರೆ ಯಾರದೋ ಟ್ರ್ಯಾಕ್ಟರ್ ಹರಿದು ಒಂದು ಕಾಲು ಹೋಯಿತು. ಟ್ರ್ಯಾಕ್ಟರಿನ ವಿಮೆಯಿಂದ ದೊಡ್ಡ ಪರಿಹಾರ ಕೇಳಿ ವಕೀಲ ಸತೀಶ್ ದಾವೆ ಹೂಡಿದ್ದರು. ಆದರೆ ಕಾರ್ಮಿಕ ಪರಿಹಾರಕ್ಕೆ ಚಿನ್ನಸ್ವಾಮಿ ಮೊದಲೇ ಅರ್ಜಿ ಹಾಕಿ ಹಣ ಪಡೆದಿದ್ದಾನೆಂದು ವಿಮೆಯವರು ತೋರಿಸಿದರು. ಕಾನೂನಿನಲ್ಲಿ ಎರಡು ಬಾಗಿಲುಗಳಿವೆ, ಒಂದನ್ನು ಹೊಕ್ಕವನಿಗೆ ಇನ್ನೊಂದು ಮುಚ್ಚುತ್ತದೆ. ಆ ಅರ್ಜಿಗೆ ಅವನ ಹೆಬ್ಬೆಟ್ಟನ್ನು ಬೇರೆಯವರು ಮೋಸದಿಂದ ಒತ್ತಿಸಿದ್ದು ಸಾಬೀತಾದರೆ ಮಾತ್ರ ದಾವೆ ಉಳಿದೀತು ಎಂದಿದ್ದರು ಸತೀಶ್.

ಆಸ್ಪತ್ರೆಯಲ್ಲಿ ಹೆಂಡತಿ ಚಿಕ್ಕಮಾದಮ್ಮ ಮತ್ತು ತಂಗಿ ರಮ್ಯ ಸರದಿಯಲ್ಲಿ ನೋಡಿಕೊಂಡಿದ್ದರು. ಆಮೇಲೆ ರಮ್ಯ ಹೊಸ ಫೋನು ಕೊಂಡಳು. ಊರ ಬಾಯಿಗೆ ಅಷ್ಟು ಸಾಕಾಯಿತು, ಅವಳನ್ನು ಕಳ್ಳಿ ಎಂದೇ ಕರೆಯತೊಡಗಿದರು. ನನಗೆ ಮಾತ್ರ ಮೇಸ್ತ್ರಿಯ ಮೇಲೆ ಗುಮಾನಿ, ಅವನ ಮುಖವೇ ಹಾಗಿತ್ತು.

ಅರ್ಜಿ ಬರೆದುಕೊಟ್ಟ ಪುಟ್ಟಸಿದ್ದಯ್ಯ ಹನೂರಿನಲ್ಲಿ ಸಿಕ್ಕ. ಬರೆಸಲು ಬಂದವಳು ಸೆರಗು ಹೊದ್ದ ಹೆಂಗಸು, ಮುಖ ನೆನಪಿಲ್ಲ ಎಂದ. ಮಿಕ್ಕದ್ದನ್ನೆಲ್ಲ ಚೆನ್ನಾಗಿಯೇ ಹೇಳಿದವಳು ಗಾಯಾಳುವಿನ ಹೆಸರು ಕೇಳಿದಾಗ ಆಧಾರ್ ಕಾರ್ಡ್ ಮುಂದಿಟ್ಟಳಂತೆ. ಮತ್ತೆ ಕೇಳಿದರೂ ಕಾರ್ಡನ್ನೇ ತೋರಿಸಿದಳಂತೆ. ಬರೆದ ಕಾಗದವನ್ನು ಅವಳೇ ಆಸ್ಪತ್ರೆಗೆ ಒಯ್ದು ಹೆಬ್ಬೆಟ್ಟು ಒತ್ತಿಸಿ ತಂದಿದ್ದಳು.

ಮರುದಿನ ಚಿನ್ನಸ್ವಾಮಿಯ ಮನೆಯಲ್ಲಿ ಮೇಸ್ತ್ರಿ, ಸತೀಶ್ ಸೇರಿ ಎಲ್ಲರನ್ನೂ ಕೂರಿಸಿ, ಗಾಯವಾದದ್ದು ಯಾರಿಗೆ ಎಂದು ಅಕ್ಕ ಒಬ್ಬೊಬ್ಬರನ್ನೇ ಕೇಳಿದರು. ಮೇಸ್ತ್ರಿ ಹೆಸರು ಹೇಳಿದ. "ನಮ್ಮಣ್ಣ ಚಿನ್ನಸ್ವಾಮಿಗೆ" ಎಂದಳು ರಮ್ಯ. ಚಿಕ್ಕಮಾದಮ್ಮ, "ಇವರ್ಗೆ" ಎಂದು ಗಂಡನತ್ತ ಕೈ ತೋರಿಸಿದಳು.

"ಮೇಸ್ತ್ರಿ ಹೆಂಗಸಲ್ಲ. ತಂಗಿಗೆ ಅಣ್ಣನ ಹೆಸರು ಹೇಳೋಕೆ ಅಡ್ಡಿಯಿಲ್ಲ" ಎಂದರು ಅಕ್ಕ. "ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಕಾರ್ಡ್ ತೋರಿಸಿದವಳು ಹೆಂಡತಿಯೇ. ಮದ್ದಿನ ಮಂಪರಲ್ಲಿದ್ದವನ ಹೆಬ್ಬೆಟ್ಟು ಒತ್ತಿಸೋದು ಅವಳಿಗೆ ಕಷ್ಟವಾಗಲಿಲ್ಲ."

ಚಿಕ್ಕಮಾದಮ್ಮ ನೆಲ ನೋಡುತ್ತ ಒಪ್ಪಿಕೊಂಡಳು. ಕಾಲಿನ ನಂಜು ತೊಡೆಗೆ ಏರುತ್ತಿತ್ತು, ಆಪರೇಶನ್ನಿಗೆ ಹಣ ಕಟ್ಟಲೇಬೇಕಿತ್ತು. ತವರಿನವರು ಕೊಟ್ಟರೆಂದು ಗಂಡನಿಗೆ ಸುಳ್ಳು ಹೇಳಿದ್ದಳು. "ಕೆಲ್ಸದ್ದು ಬೇರೆ, ಗಾಡೀದು ಬೇರೆ ಅಂದ್ಕಂಡಿದ್ದೆ ಕಣವ್ವಾ" ಎಂದಳು.

ಸತೀಶ್ ಲೇಖನಿ ತೆಗೆದರು. ಹೆಂಡತಿ ಮೋಸದಿಂದ ಒತ್ತಿಸಿದಳೆಂದು ಚಿನ್ನಸ್ವಾಮಿ ಹೇಳಿಕೆ ಕೊಡಬೇಕು, ಅವಳ ಮೇಲೆ ಕೇಸಾಗಬಹುದು, ಆದರೆ ದಾವೆ ಉಳಿದೀತು ಎಂದು ಬಿಡಿಸಿ ಹೇಳಿದರು. ಕಳ್ಳನನ್ನು ಹಿಡಿಯಲು ಹೋಗಿ ನಾವು ಈ ಮನೆಯನ್ನೇ ಹಿಡಿದುಕೊಟ್ಟಿದ್ದೆವು.

ಚಿನ್ನಸ್ವಾಮಿ ಮೊದಲು ತಂಗಿಯ ತಲೆ ಸವರಿ, ನಿನ್ನನ್ನು ಅನುಮಾನಿಸಿದ್ದು ತಪ್ಪಾಯಿತು ಎಂದ. ಆಮೇಲೆ ಹೆಂಡತಿಯತ್ತ ಕೈ ತೋರಿಸುತ್ತ ಸತೀಶರಿಗೆ ಹೇಳಿದ.

"ನಾನೇ ಎಚ್ಚರ ಇದ್ದು ಒತ್ತಿದ್ದು ಅಂತ ಬರ್ಕೊಳಿ ಸಾ. ಇವಳ್ನ ಕೋರ್ಟ್ ಅತ್ತಿಸಿ ನಾನು ಯಾರ ಎಗಲು ಇಡ್ಕಂಡು ನಡೀಲಿ?"

ಸತೀಶ್ ಅವನು ಹೇಳಿದಂತೆಯೇ ಬರೆದರು.