ತೂತಿಲ್ಲದ ಹರಿವೆ ಸೊಪ್ಪು

"ಡೇವಿಸೇಟ್ಟಾ, ಈ ಹರಿವೆ ಸೊಪ್ಪಿನಲ್ಲಿ ಒಂದೂ ತೂತಿಲ್ಲವಲ್ಲ!"

ಸೆಲೀನ ಕೇಳಿದ್ದು ಮೆಲ್ಲಗೇ. ಆದರೆ ಇರಿಂಞಾಲಕುಡದ ಭಾನುವಾರದ ಸಂತೆಯಲ್ಲಿ ಮೆಲ್ಲಗೆ ಆಡಿದ ಮಾತೇ ಎಲ್ಲರಿಗೂ ಮೊದಲು ಕೇಳಿಸುವುದು.

ಅದು ವಿಷ ಹೊಡೆಯದ ತರಕಾರಿಯ ಸಂತೆ. ಅಲ್ಲಿ ಹುಳು ತಿಂದ ಎಲೆಗೇ ಮರ್ಯಾದೆ. ಗಿರಾಕಿಗಳು ಸೊಪ್ಪನ್ನು ಬೆಳಕಿಗೆ ಹಿಡಿದು, ತೂತು ಕಂಡ ಮೇಲೆಯೇ ಚೀಲ ಬಿಚ್ಚುತ್ತಾರೆ. ಅಲ್ಲಿ ಯಾರು ಮಾರಬಹುದೆಂದು ಹೇಳುವವಳು, ತಾನೂ ಸೌತೆ ಮಾರುವ ಸೆಲೀನ. ಪಕ್ಕದ ಮನೆಗೆ ಹೊಸದಾಗಿ ಬಂದ ಡೇವಿಸ್‌ಗೆ ಜಾಗ ಕೊಟ್ಟವಳೂ ಅವಳೇ.

"ಹುಳುಗಳಿಗೆ ನನ್ನ ಕಂಡ್ರೆ ಆಗಲ್ಲ," ಎಂದು ಅವನು ನಕ್ಕ.

"ಹುಳುಗಳಿಗೆ ಬುದ್ಧಿಯಿದೆ ಮಗಳೇ," ಎಂದರು ಹಳೆಯ ಗಿರಾಕಿ ಕೊಚ್ಚುತ್ರೇಸ್ಯ ಚೇಚಿ, ಎತ್ತಿಕೊಂಡಿದ್ದ ಕಟ್ಟನ್ನು ಕೆಳಗಿಡುತ್ತಾ. "ನೀನು ಆ ನಗು ನೋಡಿ ಜಾಗ ಕೊಟ್ಟೆ."

ಸೆಲೀನಳ ಕಿವಿ ಬಿಸಿಯಾಯಿತು. ಮಾತು ಸುಳ್ಳಾಗಿದ್ದರೆ ಬೈಯಬಹುದಿತ್ತು...

"ಮುಂದಿನ ವಾರ ಅಂಗಡಿ ಹಾಕಬೇಡಿ," ಎಂದಳು ಡೇವಿಸ್‌ಗೆ.

ಅವನು ನಗುವುದನ್ನು ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೊರಟವಳು ಕೊಡೆ ಮರೆತು ಹಿಂದಿರುಗಿದಳು. ಹಿತ್ತಲಲ್ಲಿ ಯಾರೋ ಬಗ್ಗಿದ್ದರು. ಡೇವಿಸ್! ಕೈಯಲ್ಲಿ ಔಷಧಿ ಹೊಡೆಯುವ ಪಂಪು. ಅವಳ ಸೌತೆ ಬಳ್ಳಿಯ ಎಲೆಗಳಿಂದ ಬೆಳ್ಳಗೆ ಏನೋ ತೊಟ್ಟಿಕ್ಕುತ್ತಿತ್ತು.

ಆ ಬಳ್ಳಿಗೆ ಬೂದಿ ರೋಗ ತಗುಲಿತ್ತು. ಔಷಧಿ ಹೇಳಲು ಬಂದಿದ್ದ ಅವನನ್ನು, "ನನ್ನ ಬಳ್ಳಿ ನಾನು ನೋಡ್ಕೋತೀನಿ," ಎಂದು ಅವಳೇ ವಾಪಸು ಕಳಿಸಿದ್ದಳು.

ಶಾಲಿನಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡು ಅರಚಿದಳು. "ನನ್ನ ಬಳ್ಳಿಗೂ ವಿಷಾನಾ? ನನ್ನನ್ನೂ ಮೋಸಗಾರ್ತಿ ಮಾಡಬೇಕಾ?"

ಅವನು ತೊಯ್ದ ಎಳೆಸೌತೆಯೊಂದನ್ನು ಕಿತ್ತು ಬಾಯಿಗೆ ಒಯ್ದ.

"ಬೇಡ!"

ಯಾವಾಗ ಓಡಿದಳೋ ಅವಳಿಗೇ ತಿಳಿಯದು. ಸೌತೆ ಮಣ್ಣಿನಲ್ಲಿ ಬಿದ್ದಿತ್ತು. ಅವನ ಮಣಿಕಟ್ಟು ಅವಳ ಮುಷ್ಟಿಯಲ್ಲಿತ್ತು. ಅವಳ ಕಣ್ಣು ತುಂಬಿತ್ತು.

"ಯಾಕೆ? ನಾನು ಸತ್ರೆ ಸಂತೆಗೆ ಒಳ್ಳೇದಲ್ವಾ?"

"ಸಾಯೋ ಮಾತಾಡಿದ್ರೆ ನಾನೇ ಕೊಲ್ತೀನಿ!"

ಶಾಲು ಜಾರಿತ್ತು. ಆಗ ಮೂಗಿಗೆ ಬಡಿಯಿತು... ಹುಳಿ ವಾಸನೆ.

"ಮಜ್ಜಿಗೆ?"

"ಹುಳಿ ಮಜ್ಜಿಗೆ. ನೀರು ಬೆರೆಸಿ ಹೊಡೆದ್ರೆ ಬೂದಿ ಹರಡಲ್ಲ. ಕೇಳಿದ್ರೆ ಬೇಡ ಅಂತೀಯ."

"ಮತ್ತೆ ಆ ಹರಿವೆ?"

"ದಿನಾ ಎಲೆ ಮಗುಚಿ ಒಂದೊಂದೇ ಹುಳ ಹೆಕ್ತೀನಿ. ಒಂಟಿ ಗಂಡಸಿಗೆ ಸಂಜೆ ಬೇರೇನು ಕೆಲಸ?"

"ನಿನ್ನೆ ಸಂತೇಲೇ ಹೇಳಬಹುದಿತ್ತಲ್ಲ!"

"ನೀನು ಕೇಳಲಿಲ್ಲ ಸೆಲೀನಾ. ತೀರ್ಪು ಕೊಟ್ಟೆ."

ಅವಳು ತಲೆ ತಗ್ಗಿಸಿದಳು. ಆದರೂ ಅನುಮಾನ ಬಿಡಬೇಕಲ್ಲ!

"ಅಷ್ಟಾದ ಮೇಲೂ ನನ್ನ ಬಳ್ಳಿಗೆ ಯಾಕೆ ಬಂದಿರಿ?"

"ಓಣಂ ಹಬ್ಬಕ್ಕೆ ಮಾರೋಕೆ ಸೌತೆ ಇಲ್ಲದಿದ್ರೆ ನೀನು ಸಂತೇಲಿ ಅಂಗಡಿ ಹಾಕಲ್ಲ. ನಾನು ದೂರ ನಿಂತಾದರೂ ನಿನ್ನ ನೋಡಬೇಕಿತ್ತು..."

ಸೆಲೀನ ಮಣ್ಣಿಗೆ ಬಿದ್ದ ಸೌತೆಯನ್ನು ಇನ್ನೊಂದು ಕೈಯಿಂದ ಎತ್ತಿ ಶಾಲಿಗೆ ಒರೆಸಿದಳು.

"ಭಾನುವಾರ ಅಂಗಡಿ ಹಾಕಿ. ತಪ್ಪು ನಂದು ಅಂತ ಎಲ್ಲರೆದುರಿಗೆ ಹೇಳ್ತೀನಿ."

"ಹಾಗಾದ್ರೆ ನಂಬಿಕೆ ಬಂತಾ?"

"ಪೂರ್ತಿ ಇಲ್ಲ. ಇನ್ಮೇಲೆ ದಿನಾ ನನ್ನ ಕಣ್ಣೆದುರಿಗೇ ಇರಬೇಕು."

"ಎಷ್ಟು ದಿನ?"

"ಅನುಮಾನ ತೀರೋವರೆಗೆ," ಎಂದಳು ಸೆಲೀನ, ಮಣಿಕಟ್ಟು ಬಿಡದೆ. "ನಂದು ಬೇಗ ತೀರೋ ಅನುಮಾನ ಅಲ್ಲ, ಡೇವಿಸೇಟ್ಟಾ."